ರೇವಣಸಿದ್ದಪ್ಪ ಫಿಟರ್ ಮಲಾವಿಗೆ ಹೋದದ್ದು

ಡಾಕ್ಟರ್ ಕರುಣಾ ಸಮುವೇಲ ಹೊಸಪೇಟೆಯಿಂದ ಸಂಡೂರಿನವರೆಗೆ ತಾವೇ ಕಾರು ಓಡಿಸಿಕೊಂಡು ಬಂದು ಮನೆಯ ಹಿಂದಿನ ತಗಡಿನ ಶೆಡ್ಡಿನ ಬಾಗಿಲಲ್ಲಿ ನಿಂತಾಗ, ರೇವಣಸಿದ್ದಪ್ಪ ಎಂಟು ತಿಂಗಳ ಕೂಸಿನ ಬೂಟೊಂದಕ್ಕೆ ರಿವೆಟ್ ಹೊಡೆಯುತ್ತಿದ್ದ.

"ಬರ್ರಿ ಡಾಕ್ಟರಮ್ಮ, ಕುಂದ್ರಿ" ಎಂದು ಸ್ಟೂಲನ್ನು ಟವೆಲಿನಿಂದ ಒರೆಸಿ ಮುಂದಿಟ್ಟ.

ಅವರು ಕೂರಲಿಲ್ಲ. ಅವನ ಕೈಯಲ್ಲಿದ್ದ ಬೂಟನ್ನು ಇಸಿದುಕೊಂಡು, ಹಿಮ್ಮಡಿ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡಲು ಅವನು ಬಿಟ್ಟಿದ್ದ ಸಣ್ಣ ತೂತಿಗೆ ಕಣ್ಣಿಟ್ಟು ನೋಡಿದರು. ಆಮೇಲೆ, "ರೇವಣಸಿದ್ದಣ್ಣ, ನಿಮ್ಮತ್ರ ಪಾಸ್‌ಪೋರ್ಟ್ ಐತೇನ್ರಿ?" ಎಂದು ಕೇಳಿದರು.

ಪಾಸ್‌ಪೋರ್ಟ್ ಎಲ್ಲಿಂದ ಬರಬೇಕು? ಪಾಪಿನಾಯಕನಹಳ್ಳಿಯಲ್ಲಿ ಹುಟ್ಟಿ, ಹೊಸಪೇಟೆಯಲ್ಲಿ ಐಟಿಐ ಓದಿ, ದೋಣಿಮಲೈ ಗಣಿಯ ವರ್ಕ್‌ಶಾಪಿನಲ್ಲಿ ಮೂವತ್ತನಾಲ್ಕು ವರ್ಷ ಫಿಟರ್ ಆಗಿ ದುಡಿದು, ನಿವೃತ್ತಿಯಾದ ಮೇಲೆ ಸಂಡೂರಿನಲ್ಲಿ ಮನೆ ಮಾಡಿಕೊಂಡವನು ಅವನು. ಅರವತ್ತೊಂದು ವರ್ಷದ ಬದುಕಿನಲ್ಲಿ ಬೆಂಗಳೂರು ನೋಡಿದ್ದೇ ನಾಲ್ಕು ಸಲ.

ಡಾಕ್ಟರಮ್ಮ ವಿಷಯ ಬಿಡಿಸಿ ಹೇಳಿದರು. ಅವರ ಚರ್ಚಿನ ವೈದ್ಯರು, ನರ್ಸುಗಳು ಸೇರಿದ ಆರು ಜನರ ತಂಡ ಕಳೆದ ಎರಡು ವರ್ಷದಿಂದ ಜುಲೈ ತಿಂಗಳಲ್ಲಿ ರಜೆ ಹಾಕಿ ಆಫ್ರಿಕಾದ ಮಲಾವಿ ದೇಶಕ್ಕೆ ಹೋಗಿ ಬರುತ್ತಿತ್ತು. ಅಲ್ಲಿನ ಒಂದು ಮಿಷನ್ ಆಸ್ಪತ್ರೆಯಲ್ಲಿ, ಪಾದ ಒಳಮುಖವಾಗಿ ತಿರುಚಿಕೊಂಡು ಹುಟ್ಟಿದ ಮಕ್ಕಳಿಗೆ ಪ್ಲಾಸ್ಟರ್ ಹಾಕಿ ಕಾಲು ನೇರ ಮಾಡುವ ಕೆಲಸ. ಕೂಲಿಯಿಲ್ಲದ ಸೇವೆ.

"ಕಾಲು ನಾವು ತಿದ್ದಿ ಬರ್ತೀವ್ರಿ. ಮುಂದಿನ ವರ್ಷ ಹೋದ್ರ ಭಾಳ ಮಕ್ಕಳ ಕಾಲು ಮತ್ತ ತಿರುಗಿರ್ತಾವ. ನಾವು ಒಯ್ದ ಬೂಟು ಸಣ್ಣವಾದ್ರ ಅಲ್ಲಿ ಮಾಡಿಕೊಡೋರು ಯಾರೂ ಇಲ್ಲ. ಈ ಸಲ ನೀವು ಬಂದು ಅಲ್ಲಿ ಒಬ್ಬರಿಗೆ ಕಲಿಸಿಕೊಡ್ಬೇಕು."

ರೇವಣಸಿದ್ದಪ್ಪನ ಕೈ ತಾನಾಗಿ ಎದೆಗೆ ಹೋಯಿತು. ಅಂಗಿಯೊಳಗೆ ಇಷ್ಟಲಿಂಗದ ಬೆಳ್ಳಿಯ ಕರಡಿಗೆ ಇತ್ತು. "ನಾನು ನಿಮ್ಮ ಮಂದಿ ಅಲ್ಲಲ್ರಿ."

"ಗೊತ್ತೈತ್ರಿ. ನಾವು ಮುಂಜಾನಿ ಪ್ರಾರ್ಥನಾ ಮಾಡಿ ಕೆಲಸ ಶುರು ಮಾಡೋರು. ನೀವು ಬಂದು ಕುಂತ್ರೂ ಸರಿ, ನಿಮ್ಮ ಪೂಜಾ ಮುಗಿಸಿಕೊಂಡು ಬಂದ್ರೂ ಸರಿ. ನಮಗ ಬೇಕಾಗಿರೋದು ನಿಮ್ಮ ಕೈ."

ಮನೆಯಲ್ಲಿ ಕೇಳಿ ಹೇಳುತ್ತೇನೆ ಎಂದು ಅವರನ್ನು ಕಳಿಸಿಕೊಟ್ಟ. ಕಾರು ತಿರುವು ದಾಟಿದ ಮೇಲೂ ಸುತ್ತಿಗೆ ಹಿಡಿಯಲು ಮನಸ್ಸಾಗಲಿಲ್ಲ. ಅವನು ಹಿಂಜರಿದದ್ದು ಪಾಸ್‌ಪೋರ್ಟಿಗಲ್ಲ, ಜಾತಿಗೂ ಅಲ್ಲ. ಕೂಸುಗಳ ಕಾಲು ಮತ್ತೆ ತಿರುಗುವ ಮಾತು ಬಂದಾಗಲೆಲ್ಲ ಅವನು ಎದ್ದು ಬೇರೆ ಕೆಲಸಕ್ಕೆ ಕೈ ಹಾಕುತ್ತಿದ್ದ.

ಅವನು ಈ ಬೂಟಿನ ಕೆಲಸಕ್ಕೆ ಬಿದ್ದ ಕಥೆ ಎಲ್ಲರಿಗೂ ಅರ್ಧ ಗೊತ್ತಿತ್ತು. ಮದುವೆಯಾಗಿ ಹನ್ನೊಂದು ವರ್ಷಕ್ಕೆ ಅವನಿಗೂ ಗಂಗಾಂಬಿಕಾಳಿಗೂ ಹುಟ್ಟಿದ ಒಬ್ಬಳೇ ಮಗಳು ಶಾಂಭವಿ. ಹುಟ್ಟುವಾಗಲೇ ಅವಳ ಎಡಗಾಲ ಪಾದ ಒಳಕ್ಕೆ ತಿರುಗಿತ್ತು. ಹೊಸಪೇಟೆಯಲ್ಲಿ ಆಗ ತಾನೇ ಕೆಲಸಕ್ಕೆ ಸೇರಿದ್ದ ಡಾಕ್ಟರ್ ಕರುಣಾ, ವಾರಕ್ಕೊಂದರಂತೆ ಆರು ಪ್ಲಾಸ್ಟರ್ ಹಾಕಿ, ಹಿಮ್ಮಡಿಯ ನರ ಸಡಿಲಿಸಿ ಪಾದವನ್ನು ನೇರ ಮಾಡಿದರು. ಆಮೇಲಿನದು ಬೂಟಿನ ಕೆಲಸ. ಎರಡು ಪುಟ್ಟ ಬೂಟುಗಳನ್ನು ಒಂದು ಪಟ್ಟಿಗೆ ಜೋಡಿಸಿ ಪಾದಗಳು ಹೊರಮುಖವಾಗಿ ನಿಲ್ಲುವಂತೆ ಬಿಗಿದಿರುತ್ತಾರೆ. ಮೊದಲ ಮೂರು ತಿಂಗಳು ಅದು ಕಾಲಲ್ಲೇ ಇರಬೇಕು. ಆಮೇಲೆ ನಾಲ್ಕು ವರ್ಷ ತುಂಬುವ ತನಕ ಮಲಗಿಸುವಾಗ ಹಾಕಬೇಕು. ಇದನ್ನು ಬಿಟ್ಟರೆ ಕಾಲು ಮತ್ತೆ ತಿರುಗುತ್ತದೆ.

ಎರಡನೇ ವರ್ಷದಲ್ಲಿ ಶಾಂಭವಿಯ ಕಾಲು ಮತ್ತೆ ತಿರುಗಿತು. "ಬೂಟು ತಪ್ಪದ ಹಾಕ್ತಿದ್ರೇನ್ರಿ?" ಎಂದು ಡಾಕ್ಟರಮ್ಮ ಕೇಳಿದರು. "ಒಂದಿನಾನೂ ತಪ್ಪಿಸಿಲ್ರಿ" ಎಂದು ಗಂಗಾಂಬಿಕಾ ಅತ್ತಳು. ರೇವಣಸಿದ್ದಪ್ಪನೂ "ಹೌದ್ರಿ" ಎಂದ. ಮತ್ತೆ ಪ್ಲಾಸ್ಟರು, ಏಳನೇ ವರ್ಷಕ್ಕೆ ದೊಡ್ಡ ಆಪರೇಷನ್ನು. ಈಗ ಹದಿನೆಂಟರ ಶಾಂಭವಿ ಬಸ್ಸು ಹಿಡಿದು ಹೊಸಪೇಟೆಯ ಕಾಲೇಜಿಗೆ ಹೋಗಿಬರುತ್ತಾಳೆ. ಅವಸರ ಮಾಡಿದರೆ ಮಾತ್ರ ಕುಂಟು ಕಾಣುತ್ತದೆ. ಅವಳು ಚಿಕ್ಕವಳಿದ್ದಾಗ ಆಸ್ಪತ್ರೆಯವರು ಕೊಟ್ಟಿದ್ದ ಬೂಟಿನ ಪಟ್ಟಿ ಮುರಿದಾಗ ರೇವಣಸಿದ್ದಪ್ಪ ವರ್ಕ್‌ಶಾಪಿನಲ್ಲಿ ತಾನೇ ಒಂದು ಮಾಡಿದ. ಡಾಕ್ಟರಮ್ಮ ಅದನ್ನು ನೋಡಿ ಇನ್ನೊಂದು ಕೇಳಿದರು, ಆಮೇಲೆ ಹತ್ತು. ಕಂಪ್ಲಿ, ಕೂಡ್ಲಿಗಿ, ಕೊಪ್ಪಳದ ಕೂಸುಗಳೆಲ್ಲ ಅವನು ಮಾಡಿದ ಬೂಟು ಹಾಕಿಕೊಂಡೇ ಬೆಳೆದವು.

ಇದು ಎಲ್ಲರಿಗೂ ಗೊತ್ತಿದ್ದ ಅರ್ಧ.

ಉಳಿದರ್ಧ ಅವನೊಬ್ಬನಿಗೇ ಗೊತ್ತು. ಆಗ ಅವನಿಗೆ ಸೆಕೆಂಡ್ ಶಿಫ್ಟ್. ಕಂಪನಿ ಬಸ್ಸಿಳಿದು ಕ್ವಾರ್ಟರ್ಸಿಗೆ ಬರುವ ಹೊತ್ತಿಗೆ ಗಂಗಾಂಬಿಕಾ ದಣಿದು ಮಲಗಿರುತ್ತಿದ್ದಳು. ಮಗು ಪಟ್ಟಿಯನ್ನು ಹಾಸಿಗೆಗೆ ಬಡಿಯುತ್ತ ಸಣ್ಣಗೆ ಅಳುತ್ತಿತ್ತು. ಒಂದು ದಿನ ಬೂಟು ಬಿಚ್ಚಿದ. ಮಗು ಅವನ ಹೊಟ್ಟೆಯ ಮೇಲೆ ಕಾಲು ಚಾಚಿ ತಕ್ಷಣ ಮಲಗಿಬಿಟ್ಟಿತು. ಹೆಂಡತಿ ಏಳುವ ಮೊದಲು ಮತ್ತೆ ಹಾಕಿದ. ಒಂದು ದಿನದ್ದು ವಾರವಾಯಿತು, ವಾರದ್ದು ತಿಂಗಳುಗಳಾಯಿತು. ಕಾಲು ತಿರುಗಿದಾಗ ಹೇಳಲು ಬಾಯಿ ಬರಲಿಲ್ಲ. ಅವನ ಅಕ್ಕ ಶಾಂತಕ್ಕ, "ಕೂಸಿಗೆ ಒಂದು ಬೂಟು ಹಾಕಾಕೂ ಬರಲಿಲ್ಲ ಈಕಿಗೆ" ಎಂದು ಮದುವೆ ಮುಂಜಿಗಳಲ್ಲಿ ನೆಂಟರ ಮುಂದೆ ಗಂಗಾಂಬಿಕಾಳನ್ನು ಆಡಿಕೊಂಡಾಗಲೂ ಬಾಯಿ ಬರಲಿಲ್ಲ. ಹಾಗೆ ಹದಿನಾರು ವರ್ಷ ಕಳೆದಿತ್ತು.

ಮಲಾವಿಯ ಮಾತು ಕೇಳಿ ಶಾಂಭವಿ ಫೋನಿನಲ್ಲಿ ನಕಾಶೆ ತೆಗೆದು ತೋರಿಸಿದಳು. "ಹೋಗಪ್ಪ. ನಿನಗ ಶೆಡ್ ಬಿಟ್ರ ಬ್ಯಾರೆ ಪ್ರಪಂಚನ ಇಲ್ಲ."

ಶಾಂತಕ್ಕ ಪಾಪಿನಾಯಕನಹಳ್ಳಿಯಿಂದ ಫೋನು ಮಾಡಿದಳು. "ಲೇ ಸಿದ್ದ, ಆ ಮಂದಿ ಜೊತಿ ಹೋದ್ರ ಸುಮ್ನ ಬಿಡ್ತಾರೇನು? ಬರೋವಾಗ ಕೊಳ್ಳಾಗ ಶಿಲುಬಿ ಹಾಕ್ಕೊಂಡು ಬರ್ತಿ."

"ಹದಿನೆಂಟು ವರ್ಷ ಆತಕ್ಕ ಅವರ ದವಾಖಾನಿಗೆ ಓಡ್ಯಾಡಾಕ ಹತ್ತಿ. ಒಂದಿನ ನನ್ನ ದೇವರ ಸುದ್ದಿಗೆ ಬಂದಿಲ್ಲ" ಎಂದ ರೇವಣಸಿದ್ದಪ್ಪ.

ಪಾಸ್‌ಪೋರ್ಟ್ ಕೈಗೆ ಬಂದು ಹೊರಡುವ ಹೊತ್ತಿಗೆ ಗಂಗಾಂಬಿಕಾ ಎರಡು ಡಬ್ಬಿ ಖಡಕ್ ರೊಟ್ಟಿ, ಒಂದು ಡಬ್ಬಿ ಶೇಂಗಾ ಪುಡಿ ಕಟ್ಟಿಕೊಟ್ಟಳು. ಅದನ್ನೇ ಅವನು ಒಪ್ಪಿಗೆ ಎಂದು ತಿಳಿದ.

ವಿಮಾನದಲ್ಲಿ ಅವನಿಗೆ ಹೆದರಿಕೆಯಾಗಲಿಲ್ಲ. ರೆಕ್ಕೆಯ ಮೇಲಿನ ರಿವೆಟ್‌ಗಳ ಸಾಲು ನೋಡುತ್ತ ಕೂತಿದ್ದ. ಇಳಿದ ಮೇಲೆ ಹೆದರಿಕೆಯಾಯಿತು. ತಂಡದ ಸಾಮಾನಿನಲ್ಲಿ ಒಂದು ಪೆಟ್ಟಿಗೆ ಬರಲಿಲ್ಲ. ಎರಡು ತಿಂಗಳು ಕೂತು ಅವನು ಅಲ್ಯೂಮಿನಿಯಂನಲ್ಲಿ ಕತ್ತರಿಸಿ, ತೂತು ಕೊರೆದು, ಅಂಚು ನಯಮಾಡಿ ತುಂಬಿಸಿದ್ದ ಪಟ್ಟಿಗಳೆಲ್ಲ ಅದರಲ್ಲಿದ್ದವು.

ಆಸ್ಪತ್ರೆ ಇದ್ದದ್ದು ಟೀ ತೋಟಗಳ ನಡುವಿನ ಒಂದು ದಿಬ್ಬದ ಮೇಲೆ. ಮಣ್ಣು ಸಂಡೂರಿನಷ್ಟೇ ಕೆಂಪು. ಮೊದಲ ದಿನವೇ ಹೊರಗಿನ ಜಗಲಿಯಲ್ಲಿ ಬೆನ್ನಿಗೆ ಕೂಸು ಕಟ್ಟಿಕೊಂಡ ನಲವತ್ತಕ್ಕೂ ಹೆಚ್ಚು ಹೆಂಗಸರು ಕೂತಿದ್ದರು. ಹಿಂದಿನ ತಿಂಗಳಿಂದಲೇ ಅಲ್ಲಿನ ಸಿಬ್ಬಂದಿ ಪ್ಲಾಸ್ಟರ್ ಶುರುಮಾಡಿದ್ದ ಮಕ್ಕಳಿಗೆ ಎರಡು ವಾರದೊಳಗೆ ಬೂಟು ಬೇಕಿತ್ತು.

ಡಾಕ್ಟರಮ್ಮ ಮುಖ ಸಣ್ಣದು ಮಾಡಿಕೊಂಡು, "ಏನು ಮಾಡೋಣ್ರಿ ಈಗ?" ಎಂದರು.

"ಬಜಾರ ಎಲ್ಲೈತಿ ಕೇಳ್ರಿ" ಎಂದ ರೇವಣಸಿದ್ದಪ್ಪ.

ಕೆಲಸ ಕಲಿಯಲೆಂದು ಆಸ್ಪತ್ರೆಯವರು ಗೊತ್ತುಮಾಡಿದ್ದವನು ಯೊಹಾನೆ. ನಲವತ್ತರ ಆಸುಪಾಸಿನ ಎತ್ತರದ ಆಳು. ಸಂತೆಯಲ್ಲಿ ಮಾವಿನ ಮರದ ಕೆಳಗೆ ಕೂತು ಚಪ್ಪಲಿ, ಬೂಟು ಹೊಲಿಯುವವನು. ಅವನ ಭಾಷೆ ಚಿಚೇವಾ, ಇವನದು ಕನ್ನಡ. ನಡುವೆ ಇದ್ದದ್ದು ಹತ್ತಿಪ್ಪತ್ತು ಇಂಗ್ಲಿಷ್ ಪದ. ಇಬ್ಬರೂ ಸಂತೆಯೆಲ್ಲ ತಿರುಗಿದರು. ತಗಡು ಬಡಿದು ಇದ್ದಿಲೊಲೆ ಮಾಡುವವರು, ಸೈಕಲ್ ರಿಪೇರಿಯವರು, ಕಿಟಕಿ ಗ್ರಿಲ್ಲು ಮಾಡುವ ಒಬ್ಬ ವೆಲ್ಡರು. ರೇವಣಸಿದ್ದಪ್ಪ ಗ್ರಿಲ್ಲಿನ ಚಪ್ಪಟೆ ಕಬ್ಬಿಣ ಎತ್ತಿ ನೋಡಿದ. ಕೂಸು ಕಾಲೆತ್ತಲಾರದು, ಭಾರ. ಸೈಕಲ್ಲಿನ ಮಡ್‌ಗಾರ್ಡಿನ ತಂತಿ ಹಿಡಿದು ನೋಡಿದ. ಬಾಗುತ್ತದೆ, ತೆಳು. ಕೊನೆಗೆ ವೆಲ್ಡರನ ಅಂಗಡಿಯ ಮೂಲೆಯಲ್ಲಿ ಬೆರಳಿಗಿಂತ ಸಣ್ಣ ಸರಳುಗಳ ಕಟ್ಟು ಕಂಡಿತು. ಒಂದನ್ನು ಮೊಣಕಾಲಿಗೆ ಆನಿಸಿ ಬಗ್ಗಿಸಿ, ಅಂಗೈಯಲ್ಲಿ ತೂಗಿ, ಇದಾಗುತ್ತದೆ ಅಂದುಕೊಂಡ.

ಎರಡು ತುದಿಗೂ ಸರಳನ್ನು ಬಗ್ಗಿಸಿ, ಅದಕ್ಕೆ ತೆಳುವಾದ ಕಬ್ಬಿಣದ ಬಿಲ್ಲೆ ಬೆಸೆದು, ಅದರ ಮೇಲೆ ಬೂಟಿನ ಅಟ್ಟೆ ಕೂರಿಸಬೇಕು. ಪಾದ ಎಷ್ಟು ಹೊರಗೆ ತಿರುಗಿರಬೇಕೆಂಬ ಲೆಕ್ಕಕ್ಕೆ ಅವನು ರಟ್ಟಿನಲ್ಲಿ ಒಂದು ಅಚ್ಚು ಕತ್ತರಿಸಿ, ಆಸ್ಪತ್ರೆಯವರು ಕೆಲಸಕ್ಕೆ ಬಿಟ್ಟುಕೊಟ್ಟ ಕೋಣೆಯ ಗೋಡೆಗೆ ನೇತುಹಾಕಿದ. ಕರೆಂಟು ದಿನಕ್ಕೆ ನಾಲ್ಕು ತಾಸು ಇದ್ದರೆ ಹೆಚ್ಚು. ಬಂದಾಗ ವೆಲ್ಡರನ ಅಂಗಡಿಯಲ್ಲಿ ವೆಲ್ಡಿಂಗು, ಹೋದಾಗ ಕೋಣೆಯಲ್ಲಿ ಚರ್ಮದ ಕೆಲಸ. ಮೊದಲ ಮೂರು ಜೋಡಿ ಕೆಟ್ಟವು. ನಾಲ್ಕನೆಯದನ್ನು ಡಾಕ್ಟರಮ್ಮ ತಿರುಗಿಸಿ ಮುರುಗಿಸಿ ನೋಡಿ, ಒಂದು ಕೂಸಿನ ಕಾಲಿಗೆ ಹಾಕಿದರು.

"ಪಟ್ಟಿಗಿಂತ ಇದ ಛಲೋ ಆತ್ರಿ" ಎಂದ ರೇವಣಸಿದ್ದಪ್ಪ. "ಪಟ್ಟಿ ಆಗಿದ್ರ ಪ್ರತಿಸಲ ಹೊಸಪೇಟಿಯಿಂದ ತರಬೇಕಿತ್ತು. ಈ ಸರಳು ಇವರ ಬಜಾರದಾಗ ಸಿಗತೈತಿ."

ತಪ್ಪಾದಾಗಲೆಲ್ಲ ಅವನು ಯೊಹಾನೆಯ ಕೈ ಹಿಡಿದು, "ಹಂಗಲ್ಲ, ಹಿಂಗ" ಎನ್ನುತ್ತಿದ್ದ. ಐದನೇ ದಿನ ಯೊಹಾನೆ ತಾನೇ ಮಾಡಿದ ಒಂದು ಬಕಲನ್ನು ಎತ್ತಿ ಹಿಡಿದು, "ಹಿಂಗ?" ಎಂದು ಕೇಳಿದ. ಅದು ಸರಿಯಾಗಿಯೇ ಇತ್ತು.

ಮಧ್ಯಾಹ್ನದ ಊಟಕ್ಕೆ ಅಲ್ಲಿಯವರು ಬಿಳಿ ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಬೇಯಿಸಿದ ಸೊಪ್ಪು, ಕಾಳು ಕೊಡುತ್ತಿದ್ದರು. ರೇವಣಸಿದ್ದಪ್ಪ ಅದರ ಮೇಲೆ ಗಂಗಾಂಬಿಕಾಳ ಶೇಂಗಾ ಪುಡಿ ಉದುರಿಸಿಕೊಂಡದ್ದನ್ನು ನೋಡಿ ಯೊಹಾನೆಗೆ ಆಶ್ಚರ್ಯ. ಅವನ ಮನೆಯಲ್ಲೂ ಸೊಪ್ಪಿಗೆ ಶೇಂಗಾ ಪುಡಿಯನ್ನೇ ಹಾಕುತ್ತಿದ್ದರು, ಖಾರ ಮಾತ್ರ ಇರುತ್ತಿರಲಿಲ್ಲ. ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡು, ಮರುದಿನ ಮತ್ತೆ ಕೈ ಚಾಚಿದ. ಇನ್ನೊಂದು ದಿನ ವೆಲ್ಡಿಂಗಿನ ಬಿಸಿಗೆ ಅಂಗಿಯ ಗುಂಡಿ ಬಿಚ್ಚಿದಾಗ ಕರಡಿಗೆ ಕಂಡು, ಇದೇನು ಎಂದು ಕೈಸನ್ನೆ ಮಾಡಿದ.

"ಗಾಡ್. ಮೈ ಗಾಡ್" ಎಂದ ರೇವಣಸಿದ್ದಪ್ಪ. ಎದೆ ಮುಟ್ಟಿ, "ಜೊತೀಗೇ ಇರ್ತಾನ" ಎಂದು ಕನ್ನಡದಲ್ಲಿ ಸೇರಿಸಿದ. ಯೊಹಾನೆ ತಲೆದೂಗಿ ಕೆಲಸಕ್ಕೆ ಮರಳಿದ.

ಬೆಳಗಿನ ಪ್ರಾರ್ಥನೆಗೆ ರೇವಣಸಿದ್ದಪ್ಪ ದಿನವೂ ಹೋಗುತ್ತಿದ್ದ. ತನ್ನ ಲಿಂಗಪೂಜೆ ಮುಗಿಸಿ, ವಿಭೂತಿ ಹಚ್ಚಿಕೊಂಡು, ಹಿಂದಿನ ಬೆಂಚಿನಲ್ಲಿ ಕೂರುತ್ತಿದ್ದ. ಅಂದಿನ ರೋಗಿ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಓದುವುದು ಅವನಿಗೆ ಹಿಡಿಸಿತ್ತು. ಯಾರೂ ಅವನನ್ನು ಮುಂದೆ ಬಾ ಎನ್ನಲಿಲ್ಲ, ಹಿಂದೆ ಯಾಕೆ ಕೂತೆ ಎಂದೂ ಕೇಳಲಿಲ್ಲ.

ಎರಡನೇ ವಾರದಲ್ಲಿ ಒಬ್ಬ ಅಜ್ಜಿ ಎರಡು ವರ್ಷದ ಮೊಮ್ಮಗಳನ್ನು ಕರೆತಂದಳು. ಮಗುವಿನ ಹೆಸರು ಎಂಫಾಟ್ಸೊ. ಹಿಂದಿನ ವರ್ಷ ಡಾಕ್ಟರಮ್ಮನೇ ನೇರ ಮಾಡಿ ಕಳಿಸಿದ್ದ ಕಾಲು ಈಗ ಮತ್ತೆ ಒಳಕ್ಕೆ ತಿರುಗಿತ್ತು. ಅಲ್ಲಿನ ನರ್ಸ್ ಚಿಸೋಮೊ ಅಜ್ಜಿಯ ಮಾತನ್ನು ಇಂಗ್ಲಿಷಿನಲ್ಲಿ ಹೇಳಿದಳು: ಬೂಟನ್ನು ಒಂದು ದಿನವೂ ತಪ್ಪಿಸಿಲ್ಲವಂತೆ, ಮಲಗಿಸುವಾಗ ಹಾಕಿಯೇ ಹಾಕುತ್ತಿದ್ದಳಂತೆ.

ಡಾಕ್ಟರಮ್ಮ ನಿಟ್ಟುಸಿರು ಬಿಟ್ಟು ಕಾಗದದಲ್ಲಿ ಬರೆದುಕೊಂಡರು. ಅಳತೆಗೆಂದು ಕರೆಸಿದ್ದ ರೇವಣಸಿದ್ದಪ್ಪ ಆ ಹಳೆಯ ಬೂಟನ್ನು ಕೈಗೆ ತೆಗೆದುಕೊಂಡ. ಅವನದೇ ಶೆಡ್ಡಿನದು, ರಿವೆಟ್ ನೋಡಿದರೆ ಗೊತ್ತಾಗುತ್ತಿತ್ತು. ಒಳಗೆ ಬೆರಳಿಟ್ಟು ಸವರಿದ. ವರ್ಷವಿಡೀ ಕೂಸು ಹಾಕಿಕೊಂಡ ಬೂಟಿನ ಒಳಗೆ ಬೆರಳುಗಳ ಗುರುತು ಬಿದ್ದಿರುತ್ತದೆ, ಬೆವರಿಗೆ ಚರ್ಮ ಕಪ್ಪಾಗಿರುತ್ತದೆ. ಇದರ ಚರ್ಮ ಹೊಸದರಂತೆ ಹಳದಿಯಾಗಿತ್ತು. ಬೆಲ್ಟಿನ ತೂತುಗಳ ಅಂಚು ಹರಿತವಾಗಿಯೇ ಇತ್ತು.

ಅವನು ತಲೆಯೆತ್ತಿದಾಗ ಅಜ್ಜಿ ಅವನನ್ನೇ ನೋಡುತ್ತಿದ್ದಳು. ಇವನಿಗೆ ತಿಳಿಯಿತು ಎಂದು ಅವಳಿಗೂ ತಿಳಿದಿತ್ತು.

ಬೂಟನ್ನು ಡಾಕ್ಟರಮ್ಮನ ಕೈಗೆ ಕೊಟ್ಟು ಇದ್ದದ್ದು ಹೇಳಿದ್ದರೆ ಮುಗಿಯುತ್ತಿತ್ತು. ರೇವಣಸಿದ್ದಪ್ಪ ನೆಲದ ಮೇಲೆ, ಅಜ್ಜಿಯ ಎದುರಿಗೆ ಕೂತ.

"ಡಾಕ್ಟರಮ್ಮ, ನಾ ಈ ಅಮ್ಮಗ ಒಂದು ಮಾತು ಹೇಳಬೇಕ್ರಿ. ನೀವು ಇಂಗ್ಲಿಷಿನಾಗ ಹೇಳ್ರಿ, ಚಿಸೋಮೊ ಆಕಿ ಭಾಷೆದಾಗ ಹೇಳ್ಲಿ. ನಾ ಹೆಂಗ ಹೇಳ್ತೀನೋ ಹಂಗ ಹೇಳಬೇಕು."

"ಹೇಳ್ರಿ."

"ನನಗ ಒಬ್ಬಾಕಿ ಮಗಳು. ಆಕಿ ಕಾಲೂ ಹಿಂಗ ಇತ್ತು."

ಡಾಕ್ಟರಮ್ಮ ಹೇಳಿದರು. ಚಿಸೋಮೊ ಹೇಳಿದಳು.

"ಇಂಥಾವ ಬೂಟು ಕೊಟ್ಟಿದ್ರು. ನನ್ನ ಹೆಂಡ್ತಿ ದಿನಾ ಹಾಕ್ತಿದ್ಲು. ನಾ ಕೆಲಸದಿಂದ ಬಂದು, ಕೂಸು ಅಳೋದು ನೋಡಲಾರದ, ಆಕಿ ಮಲಗಿದ ಮ್ಯಾಲೆ ಬಿಚ್ಚತಿದ್ದೆ. ಮತ್ತ ಆಕಿ ಏಳೋದ್ರಾಗ ಹಾಕ್ತಿದ್ದೆ."

ಡಾಕ್ಟರಮ್ಮ ಹೇಳಲಿಲ್ಲ. ಅವನ ಮುಖವನ್ನೇ ನೋಡಿದರು. ಪೆನ್ನು ಕಾಗದದ ಮೇಲೆ ನಿಂತಲ್ಲೇ ನಿಂತಿತ್ತು.

"ಹೇಳ್ರಿ" ಎಂದ ಅವನು, ನೆಲ ನೋಡುತ್ತ.

ಡಾಕ್ಟರಮ್ಮ ನಿಧಾನವಾಗಿ ಹೇಳಿದರು. ಚಿಸೋಮೊ ಅಷ್ಟೇ ನಿಧಾನವಾಗಿ ಅಜ್ಜಿಗೆ ಹೇಳಿದಳು.

"ಡಾಕ್ಟರು ಕೇಳಿದಾಗ ಸುಳ್ಳು ಹೇಳಿದೆ. ಮಗಳ ಕಾಲು ತಿರುಗ್ತು. ಏಳು ವರ್ಷದಾಕಿ ಇದ್ದಾಗ ಮತ್ತ ಕೊಯ್ದರು. ಮೂರು ತಿಂಗಳು ಹಾಸಿಗಿ ಹಿಡಿದಿದ್ಲು. ನಾ ಆಕಿ ಅಳು ತಪ್ಪಸಾಕ ಹೋಗಿ ಅದಕ್ಕ ನೂರು ಪಟ್ಟು ಅಳಿಸಿದೆ."

ಅಜ್ಜಿ ಒಂದೇ ಪ್ರಶ್ನೆ ಕೇಳಿದಳು. ಮಗಳು ಈಗ ನಡೆಯುತ್ತಾಳೆಯೇ?

"ನಡೀತಾಳ. ಬಸ್ ಹತ್ತಿ ಕಾಲೇಜಿಗೆ ಹೋಗ್ತಾಳ. ಓಡಾಕ ಹೋದ್ರ ಕುಂಟ್ತಾಳ. ನಾ ಬಿಚ್ಚದಿದ್ರ ಓಡ್ತಿದ್ಲು."

ಆಗ ಅಜ್ಜಿ ಮಾತಾಡತೊಡಗಿದಳು. ಮಗುವಿನ ತಾಯಿ ಪಟ್ಟಣದಲ್ಲಿ ಮನೆಗೆಲಸಕ್ಕಿದ್ದಾಳೆ. ಮಲಗುವ ಹೊತ್ತಿಗೆ ಮಗು ತಾಯಿಯನ್ನು ಕೇಳಿ ಅಳುತ್ತದೆ. ಬೂಟು ಹಾಕಿದರೆ ಇನ್ನೂ ಜೋರು. ತಾಯಿಯನ್ನು ತಂದುಕೊಡಲಾಗುವುದಿಲ್ಲ, ಬೂಟನ್ನಾದರೂ ಬಿಚ್ಚೋಣ ಅನ್ನಿಸುತ್ತಿತ್ತು. ಹೇಳುತ್ತ ಹೇಳುತ್ತ ಅವಳು ಮಗುವಿನ ಕಾಲನ್ನು ತನ್ನ ಮಡಿಲಿಗೆಳೆದುಕೊಂಡಳು.

ಆ ಮಧ್ಯಾಹ್ನವೆಲ್ಲ ರೇವಣಸಿದ್ದಪ್ಪ ಅವಳ ಜೊತೆ ಕಳೆದ. ಪಟ್ಟಿ ಹಿಡಿದು ಎರಡೂ ಕಾಲನ್ನು ಒಟ್ಟಿಗೆ ಮಡಚಿ ಚಾಚಿ ಆಟ ಆಡಿಸುವುದು, ಹಿಮ್ಮಡಿ ಕೂತಿದೆಯೋ ಎಂದು ತೂತಿನಲ್ಲಿ ನೋಡುವುದು, ಕೆಂಪಾದ ಜಾಗವಿದ್ದರೆ ಯಾವ ಬೆಲ್ಟು ಸಡಿಲಿಸಬೇಕು, ಯಾವುದನ್ನು ಸಡಿಲಿಸಬಾರದು, ಎಲ್ಲ ತೋರಿಸಿದ. ಎಂಫಾಟ್ಸೊಗೆ ಹೊಸ ಪ್ಲಾಸ್ಟರು ಬಿತ್ತು. ಅವಳ ಅಳತೆಯ ಹೊಸ ಬೂಟಿನ ಒಳಗೆ ಯೊಹಾನೆ ಹಳೆಯ ಕಂಬಳಿಯ ಮೆತ್ತನೆ ತುಂಡು ಹೊಲಿದ.

ಡಾಕ್ಟರಮ್ಮ ಮರುದಿನ ಸಂಜೆಯವರೆಗೆ ಅವನೊಡನೆ ಕೆಲಸದ ಮಾತು ಬಿಟ್ಟು ಬೇರೆ ಆಡಲಿಲ್ಲ. ಆಮೇಲೆ ಎರಡು ಲೋಟ ಚಹಾ ಹಿಡಿದು ಕೆಲಸದ ಜಾಗಕ್ಕೆ ಬಂದರು.

"ಹದಿನಾರು ವರ್ಷ ನಾನು ನನ್ನ ಪ್ಲಾಸ್ಟರಿನಾಗ ತಪ್ಪು ಹುಡುಕೀನ್ರಿ" ಎಂದರು. "ಶಾಂಭವಿ ಫೈಲು ನಾ ಇನ್ನೂ ಇಟ್ಟೀನಿ. ಭಾಳ ಸಿಟ್ಟು ಬಂದಿತ್ತು ನಿನ್ನಿ."

"ಬರಬೇಕಾದ್ದ ಐತ್ರಿ."

"ಗಂಗಾಂಬಿಕಾ ಅವರಿಗೆ?"

"ಗೊತ್ತಿಲ್ರಿ."

ಡಾಕ್ಟರಮ್ಮ ಅವನಿಗೆ ಬುದ್ಧಿ ಹೇಳಲಿಲ್ಲ. ಚಹಾ ಮುಗಿಸಿ, ಅಂದು ತಯಾರಾಗಿದ್ದ ಬೂಟುಗಳನ್ನು ಬುಟ್ಟಿಗೆ ತುಂಬಿಕೊಂಡು ಹೋದರು.

ಮೂರು ವಾರ ಮುಗಿಯುವ ಹೊತ್ತಿಗೆ ಇಬ್ಬರೂ ಸೇರಿ ನಲವತ್ತೊಂದು ಜೋಡಿ ಮಾಡಿದ್ದರು. ಕೊನೆಯ ಮೂರನ್ನು ಯೊಹಾನೆ ಒಬ್ಬನೇ ಮಾಡಿದ. ರೇವಣಸಿದ್ದಪ್ಪ ಕೈಕಟ್ಟಿ ಕೂತು ನೋಡಿದ. ಹೊರಡುವಾಗ ರಟ್ಟಿನ ಅಚ್ಚು, ತನ್ನ ರಿವೆಟ್ ಸುತ್ತಿಗೆ ಎರಡನ್ನೂ ಅಲ್ಲೇ ಬಿಟ್ಟು ಬಂದ.

ಸಂಡೂರಿಗೆ ಬಂದ ಮರುದಿನ ಬೆಳಿಗ್ಗೆ ಗಂಗಾಂಬಿಕಾ ಅಂಗಳದಲ್ಲಿ ಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಶಾಂಭವಿ ಕಟ್ಟೆಯ ಮೇಲಿದ್ದಳು. ರೇವಣಸಿದ್ದಪ್ಪ ಇಬ್ಬರಿಗೂ ಒಟ್ಟಿಗೇ ಹೇಳಿದ, ಅಲ್ಲಿ ಅಜ್ಜಿಗೆ ಹೇಳಿದ ಹಾಗೆಯೇ. ಎರಡನೇ ಸಲ ಸುಲಭವಾಗುತ್ತದೆ ಅಂದುಕೊಂಡಿದ್ದ, ಆಗಲಿಲ್ಲ. ಮಾತು ಮುಗಿಯುವ ಮೊದಲೇ ಶಾಂಭವಿ ಎದ್ದು ಒಳಗೆ ಹೋದಳು. ಗಂಗಾಂಬಿಕಾ ಇನ್ನೂ ನಾಲ್ಕಾರು ಕಾಯಿ ತೊಟ್ಟು ಮುರಿದಳು.

"ನನಗ ಹೇಳಿ ಏನು ಬಂತು" ಎಂದಳು ಕೊನೆಗೆ. "ನಾ ಹಾಕಿದ್ದೆ ಅಂತ ನನಗ ಗೊತ್ತೈತಿ. ಶಾಂತಕ್ಕಗ ಹೇಳ್ರಿ. ಆಕಿ ನನ್ನ ಅಂದದ್ದು ನಾಕು ಮಂದಿ ಮುಂದ. ನೀವೂ ನಾಕು ಮಂದಿ ಮುಂದ ಹೇಳ್ರಿ."

ಮೂರನೇ ದಿನ ಶಾಂಭವಿ ಶೆಡ್ಡಿಗೆ ಬಂದು ಬಾಗಿಲಿಗೆ ಒರಗಿ ನಿಂತಳು.

"ನಾ ಅಳ್ತೀನಿ ಅಂತ ಬಿಚ್ಚಿದಿ, ಅದು ತಿಳೀತೈತಪ್ಪ. ಅಮ್ಮ ಅಷ್ಟು ವರ್ಷ ಅನ್ನಿಸಿಕೊಳ್ಳಾಕ ಹತ್ತಿದಾಗ ಯಾಕ ಸುಮ್ನಿದ್ದಿ?"

"ಅಂಜಿಕಿ ಅವ್ವ. ಬ್ಯಾರೆ ಏನೂ ಇಲ್ಲ."

ಅವಳು ಒಳಗೆ ಬಂದು ಸ್ಟೂಲು ಎಳೆದುಕೊಂಡಳು. ಆಮೇಲೆ ಕೇಳಿದಳು, "ಆ ಅಜ್ಜಿ ಕೂಸಿನ ಫೋಟೋ ಐತೇನು?" ಅವನು ಫೋನು ಕೊಟ್ಟ. ಅವಳು ಸ್ಟೂಲಿನ ಮೇಲೆ ಕೂತು ಎಂಫಾಟ್ಸೊಳ ಫೋಟೋವನ್ನು ದೊಡ್ಡದು ಮಾಡಿ ಕಾಲನ್ನು ನೋಡಿದಳು. "ನೀ ಮುಂದಿನ ಸಲ ಹೋಗೋವಾಗ ನಾನೂ ಬರ್ತೀನಿ. ಬಾಯಿಲೆ ಹೇಳೋದಕ್ಕಿಂತ ನನ್ನ ಕಾಲು ನೋಡ್ಲಿ ಅವರು."

ಮುಂದಿನ ಭಾನುವಾರ ಪಾಪಿನಾಯಕನಹಳ್ಳಿಯಲ್ಲಿ ಶಾಂತಕ್ಕನ ಮೊಮ್ಮಗಳ ತೊಟ್ಟಿಲ ಕಾರ್ಯ. ಪಡಸಾಲೆಯ ತುಂಬ ಹೆಂಗಸರು, ಜಗಲಿಯ ಮೇಲೆ ಗಂಡಸರು. ಶಾಂತಕ್ಕ ತಮ್ಮನ ಕೊರಳನ್ನು ಒಮ್ಮೆ ನೋಡಿ, ಶಿಲುಬೆ ಇಲ್ಲದ್ದು ಖಾತ್ರಿ ಮಾಡಿಕೊಂಡು, "ಬಾರಪಾ ಆಫ್ರಿಕಾದವನ" ಎಂದಳು. ಜನ ನಕ್ಕರು. ಊಟಕ್ಕೆ ಮುಂಚೆ ರೇವಣಸಿದ್ದಪ್ಪ ಪಡಸಾಲೆಯ ನಡುವೆ ಬಂದು ನಿಂತ.

"ಅಕ್ಕ, ಎಲ್ಲರೂ ಇದ್ದೀರಿ ಅಂತ ಹೇಳ್ತೀನಿ. ಶಾಂಭವಿ ಕಾಲು ತಿರುಗಿದ್ದು ಗಂಗಾನಿಂದಲ್ಲ. ಆಕಿ ದಿನಾ ಬೂಟು ಹಾಕ್ಯಾಳ. ನಾ ಕದ್ದು ಬಿಚ್ಚೀನಿ. ಇಷ್ಟು ವರ್ಷ ನೀವು ಆಕಿನ್ನ ಅಂದ್ರಿ, ನಾ ಕೇಳಿಕೊಂಡು ಸುಮ್ನಿದ್ದೆ."

ಒಳಗೆ ಯಾರೋ ಬಡಿಸುತ್ತಿದ್ದ ಸದ್ದು ನಿಂತಿತು. ಗಂಗಾಂಬಿಕಾ ಕಂಬದ ಪಕ್ಕ ಸೆರಗು ಸರಿಮಾಡಿಕೊಂಡು ನೆಟ್ಟಗೆ ನಿಂತಿದ್ದಳು. ಶಾಂತಕ್ಕ ಮೊಮ್ಮಗಳನ್ನು ಎತ್ತಿಕೊಂಡು ಹೋಗಿ ಕೂಸನ್ನು ಗಂಗಾಂಬಿಕಾಳ ಕೈಯಲ್ಲಿಟ್ಟಳು.

"ನೀನ ಹಾಕವಾ ತೊಟ್ಟಿಲಿಗೆ, ಮೊದ್ಲು" ಎಂದಳು. ಗಂಗಾಂಬಿಕಾ ಕೂಸನ್ನು ತೊಟ್ಟಿಲಲ್ಲಿ ಮಲಗಿಸಿದಳು. ಬರುವಾಗ ಬಸ್ಸಿನಲ್ಲಿ ಗಂಡನ ಪಕ್ಕದ ಸೀಟಿನಲ್ಲೇ ಕೂತು, ದಾರಿಯುದ್ದಕ್ಕೂ ಆ ಯೊಹಾನೆಗೆ ಮಕ್ಕಳೆಷ್ಟು, ಅವನ ಹೆಂಡತಿ ಏನು ಕೆಲಸ ಮಾಡುತ್ತಾಳೆ ಎಂದೆಲ್ಲ ಕೇಳಿದಳು.

ಈಗ ಪ್ರತಿ ಬುಧವಾರ ಗಂಡ ಹೆಂಡತಿ ಇಬ್ಬರೂ ಬೆಳಗಿನ ಬಸ್ಸಿಗೆ ಹೊಸಪೇಟೆಗೆ ಹೋಗುತ್ತಾರೆ. ಪ್ಲಾಸ್ಟರ್ ಬಿಚ್ಚಿ ಮೊದಲ ಸಲ ಬೂಟು ಹಾಕಿಸಿಕೊಳ್ಳುವ ಮಕ್ಕಳ ತಂದೆತಾಯಿಯರೊಡನೆ ಒಂದು ತಾಸು ಕೂತು ಮಾತಾಡಬೇಕೆಂದು ಡಾಕ್ಟರಮ್ಮ ಕೇಳಿಕೊಂಡಿದ್ದಾರೆ. ಮಲಾವಿಯಿಂದ ತಿಂಗಳಿಗೊಂದು ಯಾದಿ ಬರುತ್ತದೆ. ಯೊಹಾನೆ ಎಷ್ಟು ಜೋಡಿ ಮಾಡಿದ, ಯಾವ ಮಕ್ಕಳು ತಪ್ಪದೆ ಬರುತ್ತಿದ್ದಾರೆ ಎಂದು ಚಿಸೋಮೊ ಬರೆಯುತ್ತಾಳೆ. ಎಂಫಾಟ್ಸೊಳ ಹೆಸರು ಆ ಯಾದಿಯಲ್ಲಿ ಪ್ರತಿಸಲ ಇರುತ್ತದೆ. ಶಾಂಭವಿ ಪಾಸ್‌ಪೋರ್ಟಿಗೆ ಅರ್ಜಿ ಹಾಕಿದ್ದಾಳೆ.

ಮೊನ್ನೆಯ ಬುಧವಾರ ಕಂಪ್ಲಿಯಿಂದ ಸುವರ್ಣಾ ಎಂಬ ಹುಡುಗಿ ನಾಲ್ಕು ತಿಂಗಳ ಗಂಡುಕೂಸನ್ನು ಕರೆತಂದಿದ್ದಳು. ರೇವಣಸಿದ್ದಪ್ಪ ಬೆಲ್ಟು ಹಾಕುವ ಕ್ರಮ ಹೇಳುತ್ತಿದ್ದ. ಅವಳು ಎಲ್ಲದಕ್ಕೂ ತಲೆದೂಗುತ್ತ, ಮರೆತರೆ ಏನು ಗತಿ ಎಂಬಂತೆ ಬೆರಳು ಮಡಚಿ ಎಣಿಸಿಕೊಳ್ಳುತ್ತಿದ್ದಳು.

ಗಂಗಾಂಬಿಕಾ ನಡುವೆ ಬಾಯಿ ಹಾಕಿದಳು. "ನಿನ್ನ ಗಂಡ ಎಲ್ಲವಾ?"

"ಹೊರಗ ಅದಾರ್ರಿ. ಆಟೋದಾಗ ಕುಂತಾರ."

"ಕರಿ ಒಳಗ. ಇದು ನಿನ್ನೊಬ್ಬಾಕಿ ಕೆಲಸ ಅಲ್ಲ."

ಹಂಪಿಯಲ್ಲಿ ಪ್ರವಾಸಿಗರಿಗೆ ಆಟೋ ಓಡಿಸುವ ಆ ಹುಡುಗ ಖಾಕಿ ಅಂಗಿಯಲ್ಲೇ ಬಂದು ಸಂಕೋಚದಿಂದ ಬೆಂಚಿನ ತುದಿಗೆ ಕೂತ. ರೇವಣಸಿದ್ದಪ್ಪ ಅವನ ಹತ್ತಿರ ಸರಿದು, ಕೂಸನ್ನು ಅವನ ತೊಡೆಯ ಮೇಲೆ ಮಲಗಿಸಿ, ಎಡಗಾಲಿನ ಬೂಟನ್ನು ಅವನ ಕೈಗೆ ಕೊಟ್ಟ.

"ಮೊದ್ಲು ಹಿಮ್ಮಡಿ ಒಳಗ ಕುಂದ್ರಸಪಾ. ಅವಸರ ಬ್ಯಾಡ" ಎಂದ.